ಸ್ಪಿನ್ನರ್ ಕಲಿತ ನಾಲ್ಕು ದಿನ

ನಾನು ನಾಗಮಂಗಲದ ಕಡೆಯವನು. ನಮ್ಮಲ್ಲಿ ಕುಡಿಯುವ ನೀರಿಗೇ ಪರದಾಟ, ಇನ್ನು ಮೀನು ಹಿಡಿಯುವುದೆಲ್ಲಿ ಬಂತು. ಮೀನು ಅಂದರೆ ಸಂತೆಯಲ್ಲಿ ಐಸಿನ ಮೇಲೆ ಮಲಗಿರುವ ಪದಾರ್ಥ ಅಂತಲೇ ಮದುವೆಯಾಗುವವರೆಗೂ ತಿಳಿದಿದ್ದೆ. ಹೆಂಡತಿಯ ತವರು ಅರಕೆರೆ. ಅಲ್ಲಿ ಮನೆ ಹಿಂದೆಯೇ ನಾಲೆ. ನನ್ನ ಬಾಮೈದ ಗದ್ದೆ ಕೆಲಸ ಮುಗಿದರೆ ಗಾಳ ಹಿಡಿದು ಕೂರುವ ಆಸಾಮಿ. ಹಬ್ಬಕ್ಕೆ ಹೋದಾಗಲೆಲ್ಲ ಕರೆಯುತ್ತಿದ್ದ. ನನಗೆ ಬೇರೆ ಕೆಲಸ ಇಲ್ಲವೇನಯ್ಯಾ ಅಂತ ರೇಗಿ ಕಳಿಸುತ್ತಿದ್ದೆ.

ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋದಳು. ಎಂಟನೇ ತಿಂಗಳು ತುಂಬುವ ಮೊದಲೇ ನೋವು ಬಂದು, ಆಸ್ಪತ್ರೆಗೆ ಸೇರಿಸಿದ ದಿನವೇ ಹೆಣ್ಣು ಮಗು ಹುಟ್ಟಿತು. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗಬಹುದು, ಅಷ್ಟೇ ಇತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬೇರೆ ಏನು ಕೊಟ್ಟರೂ ಈ ಮಗುವಿಗೆ ಕಷ್ಟ, ತಾಯಿಯ ಹಾಲೇ ಔಷಧಿ ಅಂದರು ಡಾಕ್ಟರಮ್ಮ. ಆ ಹಾಲೇ ಬರಲಿಲ್ಲ. ನರ್ಸು ಹಿಂಡಿ ಹಿಂಡಿ ಒಳಲೆಯಲ್ಲಿ ನಾಲ್ಕು ಹನಿ ಹಿಡಿಯುವುದು, ಇವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅಳುವುದು. ಮಗುವಿನ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ಕಿಟಕಿಯಲ್ಲಿ ನೋಡಿ ಬರಬೇಕು. ನನ್ನಷ್ಟು ದಂಡಪಿಂಡ ಇನ್ನೊಬ್ಬನಿಲ್ಲ ಅನ್ನಿಸಿತು.

ಹಾಲು ಇಳಿಯಲು ಕೊರವನ ಮೀನಿನ ಸಾರು ಕೊಡಬೇಕು ಅಂದರು ಅತ್ತೆ. ಅವರ ಮನೆಯ ಬಾಣಂತಿಯರಿಗೆಲ್ಲ ಅದೇ ಅಂತೆ. ಅಂಗಡಿಯ ಐಸಿನ ಮೀನು ನಂಜಾಗುತ್ತದೆ, ಮನೆಗೆ ಜೀವಂತ ಬರಬೇಕು. ಬಾಮೈದ ತಾನು ಹಿಡಿಯುತ್ತೇನೆಂದು ಎದ್ದ. ನಾನೂ ಎದ್ದೆ. ಅಪ್ಪ ಆದವನು ನಾನು, ನನ್ನ ಮಗಳ ಹಾಲಿಗೆ ನಾನು ಹಿಡಿಯಬೇಕು ಅನ್ನುವ ಹಟ.

ಊರಾಚೆ ಜೊಂಡು ಬೆಳೆದ ಹಳೇ ಕಟ್ಟೆಗೆ ಹೋದೆವು. ಅವನ ಹತ್ತಿರ ಮೊಬೈಲಿನಲ್ಲಿ ತರಿಸಿದ ರಾಡು, ರೀಲು ಇದ್ದವು. ಸ್ಪಿನ್ನರ್ ಅನ್ನುವುದನ್ನು ಅಲ್ಲೇ ಮೊದಲು ಕೈಯಲ್ಲಿ ಹಿಡಿದದ್ದು. ಬಗ್ಗಿಸಿದ ತಂತಿ, ಒಂದು ತುದಿಗೆ ತಿರುಗುವ ಮಿರುಗು ತಗಡು, ಇನ್ನೊಂದು ತುದಿಗೆ ರಬ್ಬರಿನ ಕುಚ್ಚು ಹೊದ್ದ ಕೊಕ್ಕೆ. ಎಸೆದು ನಿಧಾನಕ್ಕೆ ಸುತ್ತಬೇಕು. ತಗಡು ತಿರುಗುವುದು ರಾಡಿನ ಹಿಡಿಯವರೆಗೂ ಗುರುಗುರು ಅಂತ ತಿಳಿಯುತ್ತದೆ. ಆ ಗುರುಗುರು ನಿಂತರೆ ಮೀನು ಬಾಯಿ ಹಾಕಿದೆ ಅಂತ ಲೆಕ್ಕ. ನನ್ನ ಮೊದಲ ಎಸೆತ ಹೊಂಗೆಮರದ ಕೊಂಬೆಗೆ ಹೋಯಿತು, ಎರಡನೆಯದು ನನ್ನ ಅಂಗಿಯ ಬೆನ್ನಿಗೇ ಸಿಕ್ಕಿಕೊಂಡಿತು. ಬಾಮೈದ ನಗಲಿಲ್ಲ. ಬೇರೆ ದಿನವಾಗಿದ್ದರೆ ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದ.

"ತೋಳಲ್ಲಿ ಬೀಸ್ಬೇಡಿ ಭಾವ, ಮಣಿಕಟ್ಟಲ್ಲಿ ಒಗೀರಿ," ಅಂತ ಹಿಂದೆ ನಿಂತು ಕೈ ಹಿಡಿದು ತೋರಿಸಿದ.

ಎರಡು ದಿನ ಬಿಟ್ಟೂಬಿಡದೆ ಒಗೆದೆವು. ಅವನಿಗೂ ಸಿಗಲಿಲ್ಲ. ಮೂರನೇ ದಿನ ಕಟ್ಟೆಯ ಮೂಲೆಯಲ್ಲಿ ಹಿಡಿ ಕುಂಕುಮ ಚೆಲ್ಲಿದ ಹಾಗೆ ಏನೋ ನೀರಿನ ಮೇಲೆ ಆಡುವುದು ಕಾಣಿಸಿತು. ನಾನು ರಾಡು ಎತ್ತಿದೆ. ಅವನು ಕೈ ಅಡ್ಡ ಹಿಡಿದ.

"ಅವು ಕೊರವನ್ ಮರಿ. ಅಪ್ಪ ಅವ್ವ ಕೆಳಗೇ ಕಾಯ್ತಾ ಇರ್ತವೆ. ಅಸಿವಿಗಲ್ಲ, ಸಿಟ್ಟಿಗೆ ಬಂದು ಕಚ್ತವೆ. ನಮ್ಮನೇಲಿ ಯಾರೂ ಅದ್ಕೆ ಗಾಳ ಆಕಲ್ಲ, ಬುಡಿ."

ಬಿಟ್ಟೆ. ಆ ಸಂಜೆ ಕಿಟಕಿಯಲ್ಲಿ ನೋಡಿದಾಗ ಮಗುವಿನ ಎದೆ ಪಕ್ಕೆಲುಬಿನ ಸಮೇತ ಒಳಗೆ ಹೋಗಿ ಬರುತ್ತಿತ್ತು. ಹಾಲು ಮಾತ್ರ ಅದೇ ನಾಲ್ಕು ಹನಿ.

ನಾಲ್ಕನೇ ದಿನ ಬೆಳಿಗ್ಗೆ ಬಾಮೈದ ಅತ್ತೆಗೆ ಬದಲಾಗಿ ಆಸ್ಪತ್ರೆಯಲ್ಲಿದ್ದ. ನಾನೊಬ್ಬನೇ ಕಟ್ಟೆಗೆ ಹೋದೆ. ಗೊತ್ತಿಲ್ಲದೆ ಮಾಡಿದೆ ಅಂತ ಹೇಳುವ ಹಾಗಿಲ್ಲ. ಬೇರೆ ಎಲ್ಲೂ ಎಸೆಯದೆ ನೇರವಾಗಿ ಆ ಮೂಲೆಗೇ ಹೋಗಿ, ಮರಿಗಳ ಆಚೆಗೆ ಒಗೆದು, ಅವುಗಳ ನಡುವೆಯೇ ಸ್ಪಿನ್ನರ್ ಎಳೆದೆ. ಗುರುಗುರು ನಿಂತಿತು. ಮೊಳದುದ್ದದ ಕೊರವ. ಅಪ್ಪನೋ ಅವ್ವನೋ ನನಗೇನು ಗೊತ್ತು. ದಡಕ್ಕೆ ಎಳೆದು ಬಕೆಟ್ಟಿಗೆ ಹಾಕಿ ತಿರುಗಿದರೆ ಮರಿಗಳು ಚದುರಿ, ಮತ್ತೆ ಒಂದಾಗಿ, ನೀರು ಕದಡಿದ ಜಾಗದಲ್ಲೇ ಸುತ್ತುತ್ತಿದ್ದವು. ನಿಂತು ನೋಡುವ ಧೈರ್ಯ ಇರಲಿಲ್ಲ.

ನಾಲೆಯ ತೂಬಿನ ಹತ್ತಿರ ಸಿಕ್ಕಿತು ಅಂತ ಅತ್ತೆಗೆ ಸುಳ್ಳು ಹೇಳಿದೆ. ಅವರು ಬೆಳ್ಳುಳ್ಳಿ, ಮೆಣಸು ಹಾಕಿ ಸಾರು ಕಾಯಿಸಿ ಕ್ಯಾರಿಯರಿಗೆ ತುಂಬಿಕೊಟ್ಟರು. ಮಧ್ಯಾಹ್ನ ಆಸ್ಪತ್ರೆಗೆ ಒಯ್ದೆ. ಇವಳು ಅನ್ನಕ್ಕೆ ಕಲೆಸಿಕೊಂಡು ಪೂರ್ತಿ ಉಂಡಳು. ನಿಜವಾಗಿಯೂ ನೀವೇ ಹಿಡಿದಿರಾ ಅಂತ ಎರಡು ಸಲ ಕೇಳಿದಳು. ಹೂಂ ಅಂದೆ. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೊಂದೇ ಸಲ. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ.

ಮಾರನೇ ದಿನ ಬೆಳಿಗ್ಗೆ ಮಗು ಹೋಯಿತು. ಶ್ವಾಸಕೋಶ ಬಲಿತಿರಲಿಲ್ಲ, ಯಾರ ಕೈಯಲ್ಲೂ ಏನೂ ಇರಲಿಲ್ಲ ಅಂತ ಡಾಕ್ಟರಮ್ಮ ತಮ್ಮ ಕುರ್ಚಿ ಬಿಟ್ಟೆದ್ದು ಬಂದು ಹೇಳಿದರು. ಅವರು ಹೇಳಿದ್ದು ನನಗೆ ಅರ್ಥವಾಗಿದೆ. ನಾನೇನು ಓದದವನಲ್ಲ. ಆದರೂ ಹೊಟ್ಟೆಯೊಳಗೆ ಕೂತಿರುವ ಮಾತು ಬೇರೆಯೇ, ಅದನ್ನು ಯಾವ ಡಾಕ್ಟರೂ ಎಬ್ಬಿಸಲಾರರು. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಎತ್ತಿಕೊಂಡದ್ದು ಆಗಲೇ ಮೊದಲು. ಅತ್ತೆಯ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಅದರ ಮಾರನೇ ದಿನ ಅರಕೆರೆಯ ಮನೆಯಲ್ಲಿ ಅವಳು ಮಂಚದ ಮೇಲೆ ಎದ್ದು ಕೂತಿದ್ದಳು. ರವಿಕೆ ಪೂರ್ತಿ ಒದ್ದೆಯಾಗಿತ್ತು, ಸೆರಗೂ ಒದ್ದೆ. ಹಾಲು ನಿಲ್ಲಲಿ ಅಂತ ಎದೆಗೆ ಮಲ್ಲಿಗೆ ಕಟ್ಟುತ್ತಾರಂತೆ. ಅದನ್ನು ತರಲು ಅತ್ತೆ ಬಾಮೈದನನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದ್ದರು. ನಾನು ಬಾಗಿಲಲ್ಲೇ ನಿಂತೆ. ನಾನು ನೊಂದುಕೊಳ್ಳುತ್ತೇನೆ ಅಂತಲೋ ಏನೋ, ಅವಳೇ ಹತ್ತಿರ ಕರೆದು ನನ್ನ ಕೈ ಹಿಡಿದುಕೊಂಡಳು.

"ನಿಮ್ ಮೀನು ಕೆಲ್ಸ ಮಾಡ್ತು ಕಣ್ರೀ," ಅಂದಳು.