ಬ್ಯಾಗು ಕಾಯುವ ಕೆಲಸ ಬಿಟ್ಟ ದಿನ

ಹೋದ ವರ್ಷದ ಬೇಸಿಗೆ. ತಾಂಡೂರಿನ ಒಂದು ಫಂಕ್ಷನ್ ಹಾಲಿನಲ್ಲಿ ನನ್ನ ತಮ್ಮನ ಮಗಳು ಸುನೀತಾಳ ಮದುವೆ. ಗಂಡಿನ ಕಡೆಯವರು ಕೊಡಂಗಲ್ಲಿನವರು. ನಾನು ಹಿಂದಿನ ದಿನವೇ ಜಹೀರಾಬಾದಿನಿಂದ ಬಸ್ ಹತ್ತಿದ್ದೆ. ಬಸ್ಸು ಊರು ದಾಟುವ ಮೊದಲೇ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಶುರುವಾಯಿತು. ಪಕ್ಕದ ಮನೆಯವರಿಗೆ ಫೋನ್ ಹಚ್ಚಿ ಕಿಟಕಿಯಿಂದ ನೋಡಿಸಿದೆ. ಬಂದ್ ಇತ್ತು. ಹಾಗಾದರೆ ಕಿಟಕಿ ತೆರೆದಿಟ್ಟು ಬಂದೆನಲ್ಲ ಎಂಬ ಚಿಂತೆ ತಾಂಡೂರು ಮುಟ್ಟುವ ತನಕ ಇತ್ತು.

ಚಿಂತೆ ನನ್ನ ಹುಟ್ಟುಗುಣ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅದಕ್ಕೆ ಇನ್ನೊಂದು ಸೇರಿತು. ಮದುವೆಮನೆಯಲ್ಲಿ ನಾನು ಎಲ್ಲಿ ನಿಲ್ಲಬೇಕು? ನಮ್ಮ ಕಡೆ ಇಂಥ ವಿಷಯ ಯಾರೂ ಒರಟಾಗಿ ಹೇಳುವುದಿಲ್ಲ. "ಅಕ್ಕಾ, ಅಲ್ಲಿ ಕುಂದ್ರಿ, ಫ್ಯಾನಿನ ಗಾಳಿ ಛಲೋ ಬರ್ತದ" ಎನ್ನುತ್ತಾರೆ. "ಸ್ವಲ್ಪ ಬಾಜೂಕ ಸರೀರಿ, ಫೋಟೋ ತೆಗಿಲಿಕತ್ತಾರ" ಎನ್ನುತ್ತಾರೆ. "ನೀವು ಒಳಗ ಆರಾಮ ಮಾಡ್ರಿ" ಎನ್ನುತ್ತಾರೆ. ದೂರ ಇರು ಎನ್ನಲು ಇಷ್ಟೊಂದು ಮೆತ್ತನೆಯ ಮಾತುಗಳಿವೆ ಎಂದು ಮುತ್ತೈದೆಯಾಗಿದ್ದಾಗ ನನಗೆ ಗೊತ್ತೇ ಇರಲಿಲ್ಲ.

ಅವರು ಹೇಳಿ ನಾನು ಸರಿಯುವುದಕ್ಕಿಂತ ಮೊದಲೇ ಸರಿಯುವುದು ಲೇಸೆಂದು ನಾನೇ ಒಂದು ಉದ್ಯೋಗ ಹುಡುಕಿಕೊಂಡೆ. ಬ್ಯಾಗು ಕಾಯುವುದು. ಎಲ್ಲರ ಪರ್ಸು, ಮೊಬೈಲು, ಚಪ್ಪಲಿ ಕವರು ಒಂದು ರೂಮಿನಲ್ಲಿ, ಬಾಗಿಲಲ್ಲಿ ನಾನು. ಶಾಲೆಯಲ್ಲಿ ಪರೀಕ್ಷೆ ಕಾದು ರೂಢಿಯಿದ್ದ ಟೀಚರು ನಾನು, ಕೆಲಸ ಚೆನ್ನಾಗಿಯೇ ಒಗ್ಗಿತ್ತು.

ಆದರೆ ಸುನೀತಾಳ ಮದುವೆ ಬೇರೆ. ಅವಳು ಇಂಟರ್ ಓದಿದ್ದು ನನ್ನ ಮನೆಯಲ್ಲಿದ್ದು. ದಿನಾ ಬೆಳಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಾಲೇಜಿಗೆ ಕಳಿಸಿದ ಕೈ ಇದು. ಅವಳ ಕೆನ್ನೆಗೆ ಒಂದು ಸಲ ಅರಿಶಿಣ ಹಚ್ಚಬೇಕೆಂಬ ಆಸೆ ಇತ್ತು. ಯಾರ ಮುಂದೆಯೂ ಹೇಳಿರಲಿಲ್ಲ.

ಬೆಳಗ್ಗೆ ಹಾಲಿನ ನಡುವೆ ಮಣೆ ಹಾಕಿದರು. ಅರಿಶಿಣದ ಬಟ್ಟಲು ಹಿಡಿದು ಮುತ್ತೈದೆಯರು ಸೇರಿದರು. ತಮ್ಮನ ಹೆಂಡತಿ ಶಾಂತಾ ನನ್ನ ಹತ್ತಿರ ಬಂದು, ಮುಖ ನೋಡದೆ, "ಅಕ್ಕಾ, ಬ್ಯಾಗ್ ಎಲ್ಲಾ ಆ ರೂಮಿನಾಗ ಅವ್ರಿ. ಹೊರಗಿನ ಮಂದಿ ಭಾಳ ಬರ್ಲಿಕತ್ತಾರ..." ಎಂದಳು.

"ನಾ ಇರ್ತೀನಿ ತೊಗೊ" ಎಂದೆ. ಕೀಲಿ ಆಗಲೇ ನನ್ನ ಸೆರಗಿನ ತುದಿಯಲ್ಲಿತ್ತು.

ಸ್ವಲ್ಪ ಹೊತ್ತಿಗೆ ಕುಂಕುಮವಿಲ್ಲದೆ ಹಣೆತುಂಬ ವಿಭೂತಿ ಹಚ್ಚಿಕೊಂಡ ಒಬ್ಬ ಅಜ್ಜಿ ರೂಮಿಗೆ ಬಂದರು. ಮದುಮಗನ ಅಜ್ಜಿ! ನಾನು ದಡಬಡಿಸಿ ಎದ್ದು ನಿಂತೆ. ಏನು ಕಡಿಮೆಯಾಯಿತೋ, ಯಾರು ಏನೆಂದರೋ! ಚಹಾ ತರಲೇ ಎಂದೆ. ಬೇಡವೆಂದರು. ನೀರು? ಬೇಡ. ಮತ್ತೆ ಚಹಾ ಎಂದೆ.

"ಸುಮ್ನ ಕುಂದ್ರವ್ವ" ಎಂದು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು. "ಇಲ್ಲಿ ಗಾಳಿ ಛಲೋ ಬರ್ತದಂತ ನಮ್ಮ ಸೊಸಿ ಕಳಿಸ್ಯಾಳ."

ನಾನು ಮೇಲೆ ನೋಡಿದೆ. ಅವರೂ ನೋಡಿದರು. ಆ ರೂಮಿನಲ್ಲಿ ಫ್ಯಾನೇ ಇರಲಿಲ್ಲ. ಇಬ್ಬರಿಗೂ ತಡೆಯಲಾರದಷ್ಟು ನಗು ಬಂತು.

ಅಷ್ಟರಲ್ಲಿ ಹೊರಗೆ ಸುನೀತಾಳ ದನಿ ಏರಿತು.

"ಅತ್ತಿ ಎಲ್ಲದಾಳ?"

"ಬ್ಯಾಗ್ ಕಾಯ್ಲಿಕತ್ತಾಳ, ನೀ ಸುಮ್ನಿರು" ಎಂದಳು ಶಾಂತಾ.

"ಹಂಗಾರ ನನಗೂ ಬ್ಯಾಗಿನ ಸಂಗಾಟ ಇಡ್ರಿ."

ಮಣೆ ಬಿಟ್ಟು ಎದ್ದವಳೇ ನೇರ ರೂಮಿಗೆ ಬಂದು, ಬ್ಯಾಗುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹಿಂದೆಯೇ ಬಟ್ಟಲು ಹಿಡಿದ ಹೆಂಗಸರ ದಂಡು. "ಹುಚ್ಚಿ ಏನ ನೀ? ಬೀಗರು ನೋಡ್ಲಿಕತ್ತಾರ!" ಎಂದು ಶಾಂತಾ ಹಲ್ಲು ಕಚ್ಚಿದಳು.

ಬೀಗರು ಎನ್ನುತ್ತಲೇ ನನ್ನ ತಲೆ ಓಡಿತು. ಮದುವೆ ಮುರಿಯಿತು, ಸುದ್ದಿ ನಾರಾಯಣಖೇಡದ ನೆಂಟರ ತನಕ ಮುಟ್ಟಿತು, ಹುಡುಗಿಗೆ ಬೇರೆ ಗಂಡು ಸಿಗಲಿಲ್ಲ, ತಮ್ಮ ನನ್ನ ಸಂಗಡ ಮಾತು ಬಿಟ್ಟ. ಎಲ್ಲ ತಲೆಯೊಳಗೇ ಒಂದೇ ನಿಮಿಷದಲ್ಲಿ ಆಗಿ ಮುಗಿಯಿತು. "ಬ್ಯಾಡ ಯವ್ವಾ, ಹೋಗು. ನಾ ಇಲ್ಲಿಂದಲೇ ಆಶೀರ್ವಾದ ಮಾಡ್ತೀನಿ" ಎಂದು ಅವಳ ಕೈ ಹಿಡಿದೆ.

"ನೀ ಹಚ್ಚದ ಹೊರತು ನಾ ಏಳಾಂಗಿಲ್ಲ."

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಎಲೆ ಬಾಯಿಗಿಟ್ಟು, ನಿಧಾನ ಜಗಿದು, "ನೋಡವ್ವ ಶಾಂತಾ, ಗಂಡಿನ ಕಡೆ ಹಿರಿ ಮನಷಿ ನಾ. ತಕರಾರು ಇದ್ರ ನಂದಿರಬೇಕು. ನಂದಿಲ್ಲ. ನಿಂದದೇನು?" ಎಂದರು.

ಶಾಂತಾ ಒಮ್ಮೆ ಹೊರಗೆ ನಿಂತ ಬೀಗರ ಕಡೆ ನೋಡಿದಳು. ಆಮೇಲೆ ಬಟ್ಟಲು ನನ್ನ ಮುಂದೆ ಹಿಡಿದಳು.

"ಏಳ್ರಿ ಟೀಚರಮ್ಮ, ನಿಮ್ಮ ಹಿಂದ ನಾ ಇದ್ದೀನಿ" ಎಂದರು ಅಜ್ಜಿ.

ಎರಡೂ ಕೈ ಅದ್ದಿದೆ. ಅಲ್ಲಿಯೂ ನನ್ನ ಗುಣ ಬಿಡಲಿಲ್ಲ. "ಮೊದ್ಲು ಎಡಗೆನ್ನಿನೋ, ಬಲಗೆನ್ನಿನೋ?" ಎಂದು ಗಾಬರಿಯಿಂದ ಕೇಳಿದೆ.

"ಎರಡೂ ನಿನ್ನವೇ ಅತ್ತಿ, ಹಚ್ಚು!"

ಹಚ್ಚಿದೆ. ಕೆನ್ನೆ, ಗಲ್ಲ, ಮೊಳಕೈ ತನಕ ಹಚ್ಚಿದೆ. ಕಣ್ಣು ಮಂಜಾಗಿ ಅವಳ ಕಿವಿಯೊಳಗೂ ಹೋಯಿತು. ಕೊನೆಗೆ ಶಾಂತಾಳೇ ನಗುತ್ತ, "ಸಾಕ್ರೀ ಅಕ್ಕಾ, ಉಳಿದವರಿಗೂ ಒಂದೀಟು ಬಿಡ್ರಿ" ಎಂದಳು. ಅಜ್ಜಿ ತಾವೂ ಹಚ್ಚಿ, ಕೈಯಲ್ಲಿ ಉಳಿದದ್ದನ್ನು ನನ್ನ ಕೆನ್ನೆಗೆ ಬಳಿದು, ಬಟ್ಟಲು ಎತ್ತಿಕೊಂಡು ಹೊರಟರು.

"ಎಲ್ಲಿಗ್ರೀ?"

"ನನ್ನ ಮೊಮ್ಮಗಗ ಎಲ್ಲಾರೂ ಹಚ್ಯಾರ, ನಾ ಒಬ್ಬಾಕಿ ಉಳಿದೀನಿ. ನಡೀರಿ."

ಸ್ನಾನ ಮುಗಿಸಿ, ಪೌಡರ್ ಹಾಕಿಕೊಂಡು, ಹೊಸ ಬಿಳಿ ಅಂಗಿ ತೊಟ್ಟು ಕುಳಿತಿದ್ದ ಮದುಮಗ ನಮ್ಮ ದಂಡು ಕಂಡು ಕುರ್ಚಿಯಿಂದ ಎದ್ದ. ಓಡಲು ದಾರಿ ಇರಲಿಲ್ಲ. ಹಾಲು ತುಂಬ ಸಿಳ್ಳೆ, ಚಪ್ಪಾಳೆ. ಆಗ ತೆಗೆದ ಫೋಟೋದಲ್ಲಿ ನಾನು ನಟ್ಟನಡುವೆ ಇದ್ದೇನೆ, ಹಳದಿ ಕೈ ಎರಡೂ ಮೇಲೆತ್ತಿ. ಬಾಜೂಕ ಸರೀರಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಸರಿಯುತ್ತಿರಲಿಲ್ಲ.

ಊಟಕ್ಕೆ ಕುಳಿತಾಗ ನೆನಪಾಯಿತು, ಬ್ಯಾಗಿನ ರೂಮಿಗೆ ಕೀಲಿಯನ್ನೇ ಹಾಕಿರಲಿಲ್ಲ! ಎಲೆ ಬಿಟ್ಟು ಓಡಿದೆ. ಬಾಗಿಲು ಹಾರುಹೊಡೆದಿತ್ತು. ಒಂದೊಂದೇ ಬ್ಯಾಗು ಮುಟ್ಟಿ ನೋಡಿದೆ. ಯಾವುದೂ ಹೋಗಿರಲಿಲ್ಲ. ಅಂದರೆ ಇಷ್ಟು ವರ್ಷ ನಾನು ಕಾಯದಿದ್ದರೂ ಅವು ಅಲ್ಲೇ ಇರುತ್ತಿದ್ದವು!

ಈಗಲೂ ಚಿಂತೆ ಬಿಟ್ಟಿಲ್ಲ. ಇದನ್ನು ಬರೆಯುತ್ತ ಗ್ಯಾಸ್ ನೋಡಿ ಬಂದೆ. ಆದರೆ ಮದುವೆಮನೆಯಲ್ಲಿ ಯಾರಾದರೂ ಅಲ್ಲಿ ಗಾಳಿ ಛಲೋ ಬರ್ತದ ಎಂದರೆ, "ಹಂಗಾರ ನೀವೇ ಕುಂದ್ರಿ, ನನಗ ಅರಿಶಿಣ ಹಚ್ಚೋದದ" ಎನ್ನುತ್ತೇನೆ.