ಹದವಿಲ್ಲದ ಕೈ

ಗಂಡನ ಮಾಸ್ತರಿಕೆ ಮುಗಿದ ಮೇಲೆ, ೧೯೭೬ರಲ್ಲಿ, ಗದಗ ಬಿಟ್ಟು ಯಳವತ್ತಿ ಹಳ್ಳಿಗೆ ಬಂದ ಜಾನಕೀಬಾಯಿ ನೆರೆಮನೆಯ ಗದಿಗೆವ್ವನಿಂದ ಎಮ್ಮೆ ಕೊಂಡರು. ಹಿಂಡುವುದನ್ನೂ ಅವಳಿಂದಲೇ ಕಲಿತರು. ಆದರೆ ಆ ಹಾಳಾದ ಎಮ್ಮೆ ಗದಿಗೆವ್ವ ಕೂತರೆ ಚರಿಗೆ ತುಂಬಿಸುತ್ತಿತ್ತು, ಜಾನಕೀಬಾಯಿ ಕೂತರೆ ಒದೆಯುತ್ತಿತ್ತು. ಹಾಗಾಗಿ ದಿನಾ ಹಿಂಡಲು ಅವಳನ್ನೇ ಕರೆಯಬೇಕಾಗುತ್ತಿತ್ತು.

“ನಿಮ್ಮ ಕೈಯಾಗ ಹದಾ ಇಲ್ರಿ, ಬಾಯಾರ,” ಎನ್ನುತ್ತಿದ್ದಳು ಗದಿಗೆವ್ವ.

ಕೈ ಪಳಗಲೆಂದು ಜಾನಕೀಬಾಯಿ ಮೂರು ತಿಂಗಳು ತೊಯ್ದ ಗೋಣಿಚೀಲ ಹಿಂಡಿದರು. ಒಂದು ಮುಂಜಾನೆ ಬೇಗನೆ ಕೊಟ್ಟಿಗೆಗೆ ಹೋದರೆ, ಗದಿಗೆವ್ವ ಸೆರಗಿನ ಗಂಟು ಬಿಚ್ಚಿ ಎಮ್ಮೆಗೆ ನೆನೆಸಿದ ಹತ್ತಿಕಾಳು ತಿನ್ನಿಸುತ್ತಿದ್ದಳು. ಅದನ್ನು ತಿಂದರಷ್ಟೇ ಅದು ಹಾಲು ಬಿಡುವುದು!

“ಇದನ್ಯಾಕ ಕಲಿಸಲಿಲ್ಲ?”

“ಕಲಿಸಿದ್ರ, ನನ್ನೆಮ್ಮಿ ಮುಟ್ಟಾಕ ನನ್ನ ಕರೀತಿದ್ರೇನ್ರಿ?”

ಜಾನಕೀಬಾಯಿ ಗುಳ್ಳೆಯೆದ್ದ ಅಂಗೈಗಳನ್ನು ಅವಳ ಮುಖಕ್ಕೆ ಹಿಡಿದರು.

“ಹಂಗಾದ್ರ ಹದಾ ಇಲ್ಲಂತ ಈ ಕೈಗೆ ಯಾಕ ಹೆಸರಿಟ್ಟಿ?”