ಎಷ್ಟನೇ ಡಿಸ್ಕ್ ಅಲ್ಲ, ಯಾವ ಡಿಸ್ಕ್

ಗೆಳೆಯರೇ, ಇಂದು ಚಿದ್ರಿಯ ನಮ್ಮ ವಾಚನಾಲಯದಲ್ಲಿ ದೊಡ್ಡ ಅನಾಹುತವೊಂದು ತಪ್ಪಿತು. ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುತ್ತಿದ್ದೆವು. ಒಳಗೆ ಎರಡು ಡಿಸ್ಕ್. ಒಂದು ಖಾಲಿ. ಇನ್ನೊಂದರಲ್ಲಿ ಸಾಯಗಾಂವದ ಹೆಣ್ಣುಮಕ್ಕಳು ಈ ಬರದಲ್ಲಿ ಹೈದರಾಬಾದಿಗೆ ದುಡಿಯಲು ಹೋಗುವ ಮುನ್ನ ಹಾಡಿಕೊಟ್ಟ ಬೀಸುವ ಪದಗಳಿದ್ದವು. ಅವುಗಳ ಬೇರೆ ಪ್ರತಿ ಎಲ್ಲೂ ಇಲ್ಲ.

"ಮೊದಲನೇ ಡಿಸ್ಕ್ ಅಳಿಸಲೇ?" ಎಂದು ಇನ್‌ಸ್ಟಾಲರ್ ಕೇಳಿತು. ನಾನು ಹೂಂ ಎಂದು ಒತ್ತುವಷ್ಟರಲ್ಲಿ ಪ್ರೋಗ್ರಾಂ ಬರೆಯುವ ನಮ್ಮ ಸುನೀತಾ ಕೈ ಹಿಡಿದಳು.

"ತಡೀರಿ ಕಾಕಾ! ಮಶೀನ್ ಚಾಲೂ ಆದಾಗೊಮ್ಮೆ ಈ ಡಿಸ್ಕ್ ಸಾಲು ಬದಲಿಸ್ತಾವ. ಸೈಜ್ ನೋಡ್ರಿ, ಈಗ ಹಾಡಿನ ಡಿಸ್ಕೇ ಮೊದಲು ಬಂದದ!"

ಇನ್‌ಸ್ಟಾಲರ್ ತಯಾರಕರಿಗೆ ಮೂರು ವರ್ಷದ ಹಿಂದೆ ನಾನೇ ಈ ದೋಷ ತಿಳಿಸಿದ್ದೆ, ಇಂದು ಅವಸರದಲ್ಲಿ ಮರೆತಿದ್ದೆ. ಅವರ ಉತ್ತರ ಮಾತ್ರ ಇನ್ನೂ ಮರೆತಿಲ್ಲ: "ಇನ್ನೊಂದು ಡಿಸ್ಕ್ ಬಿಚ್ಚಿಟ್ಟುಕೊಳ್ಳಿ." ಬುದ್ಧಿವಂತರು!

ಪೇಪರ್ ಓದಲು ಬಂದಿದ್ದ ಗಾಂಧಿ ಗಂಜ್ ಮಾರುಕಟ್ಟೆಯ ಹಮಾಲ ಮಾಣಿಕಪ್ಪ ನಕ್ಕರು. "ನಾವು ಎಷ್ಟನೇ ಚೀಲ ಅಂತ ನೋಡಿ ಲಾರಿಗಿ ಹೇರಂಗಿಲ್ಲ, ತಂಗಿ. ಚೀಲ ಹಿಂದಮುಂದ ಆಗ್ತಾವ. ಮ್ಯಾಲ ಬರದಿರೋ ಅಡತಿ ಅಂಗಡಿ ಗುರುತು ನೋಡ್ತೇವಿ."

ಇನ್‌ಸ್ಟಾಲರಿನ ಕೋಡ್ ಎಲ್ಲರಿಗೂ ತೆರೆದದ್ದು; ಸುನೀತಾ ಅದನ್ನು ಹಾಗೆಯೇ ತಿದ್ದಿದಳು. ಈಗ ಅದು ಸಾಲು ನಂಬುವುದಿಲ್ಲ. ಡಿಸ್ಕಿನ ಮೇಲೆ ಬರೆದಿರುವ ಸೀರಿಯಲ್ ನಂಬರನ್ನೇ ತೋರಿಸಿ ಕೇಳುತ್ತದೆ. ಖಾಲಿ ಡಿಸ್ಕೇ ಅಳಿಯಿತು. ಮಧ್ಯಾಹ್ನವೆಲ್ಲ ವಾಚನಾಲಯದ ತುಂಬ ಬೀಸುವ ಪದ! ಯಾರೂ ಪೇಪರ್ ಓದಲಿಲ್ಲ.

ತಿದ್ದಿದ್ದನ್ನು ತಯಾರಕರಿಗೆ ಕಳಿಸಿದೆವು. ಸಂಜೆಗೇ ಒಪ್ಪಿಕೊಂಡು, "ಈ ಉಪಾಯ ಹೇಳಿದ ಎಂಜಿನಿಯರ್ ಯಾರು?" ಎಂದು ಕೇಳಿದ್ದಾರೆ.

"ನನ್ನ ಹೆಸರು ಕಳಸ್ರಿ," ಎಂದರು ಮಾಣಿಕಪ್ಪ. "ಆದ್ರ ನಾಳಿ ಕೆಲಸಕ್ಕ ಬಾ ಅಂದ್ರ ಬರಂಗಿಲ್ಲ. ಎರಡು ಲಾರಿ ಕಡ್ಲಿ ಇಳಸೂದದ."